ಯಜಮಾನರೂ ಕೆಲಸದಲ್ಲಿದ್ದಾರೆ, ನಾನೂ ಕೆಲಸದಲ್ಲಿದ್ದೀನಿ: ಅವರ ಸೋಶಿಯಲ್ ಸೆಕ್ಯೂರಿಟಿಯಲ್ಲಿ ನನ್ನ ಪಾಲು ಈಗ ಕೇಳಬಹುದಾ?

ಎಡಿಸನ್ ಅಕ್ಕ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದುತ್ತಿದ್ದೆ. ಇವತ್ತು ಕೇಳಲೇಬೇಕು ಅನ್ನಿಸಿತು.

ನಮ್ಮ ಯಜಮಾನರು ಹುಟ್ಟಿದ್ದು 1959ರ ಮೇ ತಿಂಗಳು. ನಾನು 1962ರ ಮಾರ್ಚ್. ಮದುವೆ ಆಗಿದ್ದು 1989ರಲ್ಲಿ, ದಾವಣಗೆರೆಯಲ್ಲಿ. 1993ರಲ್ಲಿ ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಕೊಡುವ ವೀಸಾದಲ್ಲಿ, ನ್ಯೂಜೆರ್ಸಿಗೆ ಬಂದೆ. ಆಗ ಎಚ್-4ನವರು ಕೆಲಸ ಮಾಡುವ ಹಾಗೇ ಇರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ 2003ರಲ್ಲಿ ಒಂದು ಔಷಧಿ ಅಂಗಡಿಯ ಕೌಂಟರಿಗೆ ಸೇರಿದೆ. ಈಗಲೂ ಅಲ್ಲೇ ಇದ್ದೀನಿ. 2008ರಲ್ಲಿ ಇಬ್ಬರೂ ಸಿಟಿಜನ್ ಆದೆವು.

ಯಜಮಾನರಿಗೆ ಈ ಮಾರ್ಚಿಗೆ 66 ವರ್ಷ 10 ತಿಂಗಳು ತುಂಬಿತು. ಕೆಲಸ ಬಿಡುವ ಯೋಚನೆ ಅವರಿಗೆ ಇನ್ನೂ ಇಲ್ಲ. ಆದರೆ ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದಾಗಿನಿಂದ ಒಂದೇ ಮಾತು: "ನನ್ನ ಆರೋಗ್ಯ ನೆಚ್ಚಿಕೊಂಡು ಕೂರೋದು ಬೇಡ. ಬರೋದನ್ನ ಈಗಲೇ ತಗೊಂಡುಬಿಡೋಣ." ಅವರು ಸೋಶಿಯಲ್ ಸೆಕ್ಯೂರಿಟಿಗೆ (ಸಂಬಳದಿಂದ ಹಿಡಿದುಕೊಂಡು ವಯಸ್ಸಾದ ಮೇಲೆ ಇಲ್ಲಿಯ ಸರ್ಕಾರ ಕೊಡುವ ಪಿಂಚಣಿ) ಅರ್ಜಿ ಹಾಕಿದರೆ ನನಗೂ ಹೆಂಡತಿಯ ಪಾಲು ಬರುತ್ತಂತೆ. ದೇವಸ್ಥಾನದ ಊಟದ ಸಾಲಿನಲ್ಲಿ ಒಬ್ಬರು, "ನೀವಿಬ್ಬರೂ ಕೆಲಸ ಮಾಡ್ತಿದ್ದೀರಲ್ಲ, ಒಂದು ಪೈಸೆನೂ ಸಿಗಲ್ಲ" ಅಂದರು. ಇನ್ನೊಬ್ಬರು "ಅರ್ಧಕ್ಕರ್ಧ ಸಿಗುತ್ತೆ" ಅಂದರು.

ಮೊನ್ನೆ ನನ್ನ ಸೋಶಿಯಲ್ ಸೆಕ್ಯೂರಿಟಿ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದೆ. ವರ್ಷವಾರು ಸಂಬಳದ ಪಟ್ಟಿ ಇರುತ್ತಲ್ಲ, ಅದು ಶುರುವಾಗುವುದೇ 2003ರಿಂದ. ನಡುವೆ 2010ರಲ್ಲಿ ಒಂದು ಸೊನ್ನೆ. ಆ ವರ್ಷ ಅತ್ತೆಯವರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು, ನಾನು ದಾವಣಗೆರೆಯಲ್ಲಿದ್ದೆ. ಅದಕ್ಕಿಂತ ಮುಂಚಿನ ಹತ್ತು ವರ್ಷ ಆ ಕಾಗದದ ಪ್ರಕಾರ ನಾನು ಈ ದೇಶದಲ್ಲಿ ಇರಲೇ ಇಲ್ಲ. ಮಕ್ಕಳಿಬ್ಬರೂ ಬೆಳೆದಿದ್ದು ಆ ಹತ್ತು ವರ್ಷದಲ್ಲೇ. ಕಾಗದ ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಅಡುಗೆಮನೆಯಲ್ಲಿ ಸುಮ್ನೆ ಕೂತಿದ್ದೆ.

67ಕ್ಕೆ ತಗೊಂಡರೆ ನನ್ನ ಸ್ವಂತದ್ದು ತಿಂಗಳಿಗೆ 1,000 ಡಾಲರ್, ಪೂರ್ತಿ ಮೊತ್ತ ಸಿಗುವ ವಯಸ್ಸಿಗೆ ಅವರದ್ದು 3,200. ಲೆಕ್ಕಕ್ಕೆ ಸುಲಭ ಆಗಲಿ ಅಂತ ರೌಂಡ್ ಮಾಡಿ ಹೇಳಿದ್ದೀನಿ. ವರ್ಷಕ್ಕೆ ನನ್ನ ಸಂಬಳ ಸುಮಾರು 36,500. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಫ್ರೀಮಾಂಟ್ ರಾಯರು

ಅಕ್ಕಾ, ನಮಸ್ಕಾರ. ನಾನೂ ನನ್ನ ಹೆಂಡತಿಯೂ ಹೋದ ವರ್ಷ ಇದೇ ಲೆಕ್ಕ ಹಾಕಿ ಹಾಕಿ ಒಂದು ನೋಟ್‌ಬುಕ್ ತುಂಬಿಸಿದ್ದೇವೆ. ನಿಧಾನವಾಗಿ ಹೇಳುತ್ತೀನಿ.

ಮೊದಲು ಯಜಮಾನರ ವಿಷಯ. 1959ರಲ್ಲಿ ಹುಟ್ಟಿದವರಿಗೆ ಫುಲ್ ರಿಟೈರ್‌ಮೆಂಟ್ ಏಜ್ (ಕಡಿತ ಇಲ್ಲದೆ ಪೂರ್ತಿ ಮೊತ್ತ ಸಿಗುವ ವಯಸ್ಸು) ಅಂದರೆ 66 ವರ್ಷ 10 ತಿಂಗಳು. ಅದು ದಾಟಿದ ಮೇಲೆ ಅವರು ಎಷ್ಟು ಲಕ್ಷ ದುಡಿದರೂ ಬೆನಿಫಿಟ್ಟಿನಲ್ಲಿ ಒಂದು ಡಾಲರೂ ಹಿಡಿಯುವುದಿಲ್ಲ. ಅವರ ಸಂಬಳದಿಂದ ನಿಮ್ಮ ಪಾಲಿಗೂ ತೊಂದರೆ ಇಲ್ಲ. ಆ ವಯಸ್ಸಿಗೆ ಮುಂಚೆ ತಗೊಂಡಿದ್ದರೆ ಅವರ ಸಂಬಳದ ದೆಸೆಯಿಂದ ನಿಮ್ಮ ಚೆಕ್ಕೂ ಕಟ್ ಆಗುತ್ತಿತ್ತು. ಆ ಕಂಟಕ ಕಳೆದಿದೆ.

ಇನ್ನು ನಿಮ್ಮದು. 1960 ಅಥವಾ ಆಮೇಲೆ ಹುಟ್ಟಿದವರಿಗೆ ಆ ವಯಸ್ಸು 67. ನಿಮಗೆ 64, ಅಂದರೆ ಇನ್ನೂ 36 ತಿಂಗಳು ಇದೆ. ಅಲ್ಲಿಯ ತನಕ ನಿಮ್ಮ ಸಂಬಳಕ್ಕೆ ಮಿತಿ ಇದೆ. 2025ರಲ್ಲಿ ಅದು 23,400 ಇತ್ತು, 2026ಕ್ಕೆ 24,480. ಅದರ ಮೇಲೆ ದುಡಿದ ಪ್ರತಿ 2 ಡಾಲರಿಗೆ 1 ಡಾಲರ್ ಹಿಡಿಯುತ್ತಾರೆ. ನೀವು 36,480 ದುಡಿದರೆ ಮಿತಿಗಿಂತ 12,000 ಜಾಸ್ತಿ. ಅದರಲ್ಲಿ ಅರ್ಧ, 6,000, ಹಿಡಿಯುತ್ತಾರೆ. ಒಂದು ಪೈಸೆ ಸಿಗಲ್ಲ ಅನ್ನೋದು ಸುಳ್ಳು.

"ಅರ್ಧಕ್ಕರ್ಧ" ಅನ್ನೋದೂ ಪೂರ್ತಿ ನಿಜ ಅಲ್ಲ. ಯಜಮಾನರ 3,200ರ ಅರ್ಧ 1,600. ನಿಮ್ಮ ಸ್ವಂತದ್ದು 1,000 ಇದೆಯಲ್ಲ, ಮೊದಲು ಅದನ್ನು ಕೊಡುತ್ತಾರೆ. ಮಿಕ್ಕ 600 ಅದರ ಮೇಲೆ ಸೇರಿಸುತ್ತಾರೆ. 67ಕ್ಕೆ ತಗೊಂಡರೆ ಒಟ್ಟು 1,600. 64ಕ್ಕೇ ತಗೊಂಡರೆ ನಿಮ್ಮದು 20 ಪರ್ಸೆಂಟ್ ಇಳಿದು 800, ಮೇಲಿನದು 25 ಪರ್ಸೆಂಟ್ ಇಳಿದು 450. ಒಟ್ಟು 1,250. ಅದರಲ್ಲಿ 6,000 ಹಿಡಿಯುವುದು ಅಂದರೆ ವರ್ಷಕ್ಕೆ 5 ತಿಂಗಳ ಚೆಕ್ ಬರುವುದಿಲ್ಲ. ಲೆಕ್ಕಕ್ಕಿಂತ ಹೆಚ್ಚು ಹಿಡಿದಿದ್ದರೆ ಆಮೇಲೆ ಕೊಡುತ್ತಾರೆ.

ಎಡಿಸನ್ ಅಕ್ಕ

ರಾಯರೇ, ಆ ಹಿಡಿದ ದುಡ್ಡು ಹೋಯಿತು ಅಂತಲೇನಾ? ತೆರಿಗೆ ಥರ?

ಫ್ರೀಮಾಂಟ್ ರಾಯರು

ಇಲ್ಲ ಅಕ್ಕ. ಇದನ್ನೇ ಎಲ್ಲರೂ ತಪ್ಪು ತಿಳಿದುಕೊಳ್ಳುವುದು. ಹಿಡಿದ ತಿಂಗಳುಗಳನ್ನು ನೀವು 67 ಮುಟ್ಟಿದಾಗ ವಾಪಸ್ ಲೆಕ್ಕಕ್ಕೆ ತಗೋತಾರೆ. ಮೂರು ವರ್ಷದಲ್ಲಿ ಒಟ್ಟು 15 ತಿಂಗಳ ಚೆಕ್ ಬರಲಿಲ್ಲ ಅಂದುಕೊಳ್ಳಿ. ಆಗ ನೀವು 36 ತಿಂಗಳು ಮೊದಲೇ ತಗೊಂಡಿರಿ ಅಂತ ಲೆಕ್ಕ ಹಿಡಿಯುವುದಿಲ್ಲ, 21 ತಿಂಗಳು ಮೊದಲು ಅಂತ ಹಿಡಿಯುತ್ತಾರೆ. ನಿಮ್ಮ 1,250 ಅಲ್ಲಿಂದ ಸುಮಾರು 1,395 ಆಗುತ್ತದೆ, ಜೀವ ಇರುವ ತನಕ. ಒಟ್ಟಿಗೆ ಕೈಗೆ ಬರುವುದಿಲ್ಲ ನಿಜ. ಆದರೆ ಮುಳುಗಿ ಹೋಗುವುದೂ ಇಲ್ಲ.

ಮಿತಿಗೆ ಲೆಕ್ಕ ಬರುವುದು ಸಂಬಳ ಮತ್ತು ಸ್ವಂತ ಉದ್ಯೋಗದ ಲಾಭ ಮಾತ್ರ. ಬ್ಯಾಂಕ್ ಬಡ್ಡಿ, ಮನೆ ಬಾಡಿಗೆ, ಪೆನ್ಷನ್, 401(ಕೆ) ಅನ್ನುವ ಕಂಪನಿಯ ನಿವೃತ್ತಿ ಉಳಿತಾಯದ ದುಡ್ಡು ಯಾವುದೂ ಲೆಕ್ಕಕ್ಕಿಲ್ಲ.

ಚಿಕಾಗೋ ಸೊಸೆ

ಮಧ್ಯೆ ಬಾಯಿ ಹಾಕುತ್ತಿದ್ದೀನಿ, ಕ್ಷಮಿಸಿ. ಅಕ್ಕ ಈಗ ಬರೀ ಗಂಡನ ಪಾಲು ತಗೊಂಡು, ತನ್ನ ಸ್ವಂತದ್ದನ್ನು 70ರ ತನಕ ಬೆಳೆಯಲು ಬಿಡಬಹುದಲ್ವಾ? ನಮ್ಮ ಪಕ್ಕದ ಮನೆಯವರು ಹಾಗೇ ಮಾಡಿದ್ದರು.

ಫ್ರೀಮಾಂಟ್ ರಾಯರು

ಅವರು 1954ರ ಜನವರಿ 2ಕ್ಕಿಂತ ಮೊದಲು ಹುಟ್ಟಿದವರು ಇರಬೇಕಮ್ಮ. 2015ರ ಕಾನೂನು ಆ ದಾರಿ ಮುಚ್ಚಿತು. ಆಮೇಲೆ ಹುಟ್ಟಿದವರು ಒಂದಕ್ಕೆ ಅರ್ಜಿ ಹಾಕಿದರೆ ಎರಡಕ್ಕೂ ಹಾಕಿದ ಹಾಗೇ. ಇನ್ನೊಂದು ವಿಷಯ, ಯಜಮಾನರು ತಮ್ಮದಕ್ಕೆ ಅರ್ಜಿ ಹಾಕುವ ತನಕ ಹೆಂಡತಿಯ ಪಾಲು ಶುರುವೇ ಆಗುವುದಿಲ್ಲ. ಅಲ್ಲಿಯ ತನಕ ಅಕ್ಕನಿಗೆ ಸಿಗುವುದು ಸ್ವಂತದ್ದು ಮಾತ್ರ.

ಡಲ್ಲಾಸ್ ಟೀಚರ್

ನನ್ನ ಕಥೆ ಸ್ವಲ್ಪ ಬೇರೆ. ಓದುತ್ತಿರುವ ಟೀಚರ್‌ಗಳಿಗೆ ಉಪಯೋಗ ಆಗಬಹುದು.

ನಾನು ಟೆಕ್ಸಾಸಿನ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಇಲ್ಲಿ ಎಷ್ಟೋ ಶಾಲೆಗಳಲ್ಲಿ ಸಂಬಳದಿಂದ ಸೋಶಿಯಲ್ ಸೆಕ್ಯೂರಿಟಿ ಕಟ್ ಮಾಡುವುದಿಲ್ಲ, ಟೀಚರ್ ಪೆನ್ಷನ್ ಬೇರೆ ಇರುತ್ತದೆ. ಹಳೆಯ ನಿಯಮದಲ್ಲಿ ಆ ಪೆನ್ಷನ್ನಿನ ಮೂರರಲ್ಲಿ ಎರಡು ಭಾಗವನ್ನು ಗಂಡನ ಕಡೆಯಿಂದ ಬರುವ ಪಾಲಿನಿಂದ ಕಳೆಯುತ್ತಿದ್ದರು. ನನಗೆ ಪೂರ್ತಿ ಸೊನ್ನೆ ಆಗುತ್ತಿತ್ತು. ಹಾಗಾಗಿ ಅರ್ಜಿಯನ್ನೇ ಹಾಕಿರಲಿಲ್ಲ.

2025ರ ಜನವರಿ 5ರಂದು ಆ ನಿಯಮ ತೆಗೆದು ಹಾಕುವ ಕಾನೂನಿಗೆ ಸಹಿ ಬಿತ್ತು. 2024ರ ಜನವರಿಯಿಂದಲೇ ಲೆಕ್ಕ. ಆದರೆ ನನ್ನ ಹಾಗೆ ಹಿಂದೆ ಅರ್ಜಿಯನ್ನೇ ಹಾಕದವರಿಗೆ ತಾನಾಗಿ ಏನೂ ಬರುವುದಿಲ್ಲ, ಹೊಸದಾಗಿ ಹಾಕಬೇಕು. "ನಿಮಗೆ ಇದೆಲ್ಲ ಸಿಗಲ್ಲ ಮೇಡಂ" ಅಂತ ಹಣಕಾಸು ಸಲಹೆಗಾರರೊಬ್ಬರು ಒಂದು ಸಲ ಅಂದಿದ್ದರು. ಕಾನೂನು ಬದಲಾಯಿತು ಅಂತ ಅವರು ಆಮೇಲೂ ಹೇಳಲಿಲ್ಲ. ಅದನ್ನೇ ನಂಬಿಕೊಂಡು ಆ ವರ್ಷದ ಕೊನೆಯ ತನಕ ಸುಮ್ಮನೆ ಕೂತೆ. ಆ ತಿಂಗಳುಗಳಲ್ಲಿ ಸ್ವಲ್ಪ ಹೋಯಿತು. ನಿಮಗೆ ಹಾಗೆ ಆಗಬಾರದು. ಕ್ಯಾಲಿಫೋರ್ನಿಯಾದ ಟೀಚರ್‌ಗಳೂ ನೋಡಿಕೊಳ್ಳಿ.

ಆಸ್ಟಿನ್ ತಮ್ಮ

ನನ್ನ ತಂದೆತಾಯಿ ಪರವಾಗಿ ಓದುತ್ತಿದ್ದೀನಿ. ನೇರವಾಗಿ ಹೇಳುತ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. 2033ಕ್ಕೆ ಸೋಶಿಯಲ್ ಸೆಕ್ಯೂರಿಟಿಯ ಟ್ರಸ್ಟ್ ಫಂಡ್ ಖಾಲಿ ಅಂತ ಅವರದೇ ವರದಿ ಹೇಳುತ್ತದೆ. ಸರ್‌ಗೆ ಆರೋಗ್ಯವೂ ಸರಿ ಇಲ್ಲ. ಕೈಗೆ ಬಂದದ್ದನ್ನು ತಗೊಳ್ಳೋದೇ ಬುದ್ಧಿವಂತಿಕೆ ಅಲ್ವಾ?

ಫ್ರೀಮಾಂಟ್ ರಾಯರು

ತಮ್ಮಾ, ಖಾಲಿ ಆಗುವುದು ಕೂಡಿಟ್ಟ ಗಂಟು. ದುಡಿಯುವವರ ಸಂಬಳದಿಂದ ತಿಂಗಳು ತಿಂಗಳೂ ಬರುವ ದುಡ್ಡು ನಿಲ್ಲುವುದಿಲ್ಲ. ಸಂಸತ್ತು ಏನೂ ಮಾಡದೆ ಕೂತರೂ 2033ರ ನಂತರ 77 ಪರ್ಸೆಂಟ್ ಕೊಡಬಹುದು ಅಂತ 2025ರ ಅದೇ ವರದಿಯಲ್ಲಿದೆ. ಭಯ ಇರಲಿ, ಆದರೆ ಆ ಭಯದ ಮೇಲೆ ಜೀವಮಾನದ ತೀರ್ಮಾನ ಬೇಡ.

ಆರೋಗ್ಯದ ಮಾತಿಗೆ ಬರುತ್ತೀನಿ. ಅಕ್ಕಾ, ಇದನ್ನು ಯಜಮಾನರಿಗೂ ಓದಿ ಹೇಳಿ.

ಒಬ್ಬರೇ ಇದ್ದಾಗ ಆರೋಗ್ಯ ಸರಿ ಇಲ್ಲದಿದ್ದರೆ ಬೇಗ ತಗೊಳ್ಳೋದು ಸರಿ. ಗಂಡ ಹೆಂಡತಿ ಇದ್ದಾಗ ಲೆಕ್ಕ ತಿರುಗುತ್ತದೆ. ಇಬ್ಬರಲ್ಲಿ ದೊಡ್ಡ ಮೊತ್ತ ಯಾರದೋ, ಅದು ಇಬ್ಬರಲ್ಲಿ ಕೊನೆಯವರು ಇರುವ ತನಕ ನಡೆಯುತ್ತದೆ. ಯಜಮಾನರು ಹೋದರೆ ನಿಮ್ಮ 1,250 ಅಥವಾ 1,600 ನಿಂತು, ಅವರು ತಗೊಳ್ಳುತ್ತಿದ್ದ ಪೂರ್ತಿ ಮೊತ್ತ ನಿಮಗೆ ಬರುತ್ತದೆ, ನಿಮಗೆ 67 ಆಗಿದ್ದರೆ. ಈಗಲೇ ತಗೊಂಡರೆ ಆ ಮೊತ್ತ 3,200. 70ರ ತನಕ ಕಾದರೆ ತಿಂಗಳಿಗೆ ಒಂದು ಪರ್ಸೆಂಟಿನ ಮೂರರಲ್ಲಿ ಎರಡು ಭಾಗ ಬೆಳೆದು, 38 ತಿಂಗಳಿಗೆ 4,010 ಚಿಲ್ಲರೆ ಆಗುತ್ತದೆ. ನಡುವೆ ಹೆಚ್ಚುಕಮ್ಮಿ ಆದರೂ ಅಲ್ಲಿಯ ತನಕ ಬೆಳೆದದ್ದು ನಿಮಗೇ ಸೇರುತ್ತದೆ. ಹೆಂಡತಿಯ ಪಾಲು ಅವರ ಮೂಲ 3,200ರ ಅರ್ಧಕ್ಕೇ ನಿಲ್ಲುತ್ತದೆ, ಅವರು ಕಾದರೂ ಬೆಳೆಯುವುದಿಲ್ಲ. ವಿಧವೆಗೆ ಬರುವ ಮೊತ್ತ ಮಾತ್ರ ಬೆಳೆಯುತ್ತದೆ.

ಅಂದರೆ ಯಜಮಾನರು ಕಾಯುವುದು ತಮಗೋಸ್ಕರ ಅಲ್ಲ. ನಿಮಗೋಸ್ಕರ. ಅವರ ಆರೋಗ್ಯ ನಾಜೂಕಾಗಿದ್ದು ನೀವು ಗಟ್ಟಿ ಇದ್ದರೆ, ಕಾಯುವುದಕ್ಕೆ ಇನ್ನೂ ಹೆಚ್ಚು ಕಾರಣ ಇದೆ.

ಬಿಟ್ಟುಕೊಡುವುದು ಎಷ್ಟು ಅಂತಲೂ ನೋಡಿ. ಅವರ 3,200, ನಿಮ್ಮ ಮೇಲಿನ ಪಾಲು 450, ಸೇರಿ 3,650. 38 ತಿಂಗಳಿಗೆ 1,38,700 ಡಾಲರ್. ಸಣ್ಣ ದುಡ್ಡಲ್ಲ. ಅವರು 70ಕ್ಕೇ ಹೋಗಿಬಿಟ್ಟರು ಅಂತ ಕೆಟ್ಟದ್ದನ್ನೇ ಲೆಕ್ಕ ಹಾಕಿದರೂ, ತಿಂಗಳಿಗೆ 810 ಜಾಸ್ತಿ ಬರುವುದರಿಂದ 14 ವರ್ಷ ಚಿಲ್ಲರೆಯಲ್ಲಿ ಅಷ್ಟೂ ವಾಪಸ್. ಆಗ ನಿಮಗೆ 81. ನಿಮ್ಮ ಕಡೆ ಆಯಸ್ಸು ಹೇಗಿದೆ?

ಎಡಿಸನ್ ಅಕ್ಕ

ನಮ್ಮಮ್ಮನಿಗೆ ಈಗ 91. ದಾವಣಗೆರೆಯಲ್ಲಿ ತಾವೇ ರೊಟ್ಟಿ ತಟ್ಟುತ್ತಾರೆ. ಅಜ್ಜಿ 88ರ ತನಕ ಇದ್ದರು.

ರಾಯರೇ, ಇದನ್ನು ಓದಿ ಕಣ್ಣು ತುಂಬಿ ಬಂತು. ಅವರು "ಬೇಗ ತಗೊಳ್ಳೋಣ" ಅನ್ನುವುದೂ ನನಗೋಸ್ಕರವೇ ಅಂತ ಗೊತ್ತು. ತಾವು ಇರುವಾಗಲೇ ನನ್ನ ಕೈಗೆ ದುಡ್ಡು ಬರಲಿ ಅಂತ.

ಅಟ್ಲಾಂಟಾದಿಂದ

ನಾನು ಬರೆಯುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಮ್ಮವರು 61ಕ್ಕೇ ಹೋದರು. ಆಗ ನನಗೆ 58. ನನಗೂ ಎಚ್-4ನ ವರ್ಷಗಳಿವೆ, ಅಕ್ಕನ ಹಾಗೆಯೇ. ಅವರು ಹೋದ ಮೇಲೆ ಒಂದು ಸಲಕ್ಕೆ ಅಂತ 255 ಡಾಲರ್ ಬಂತು. ಆ ಮೊತ್ತ ಅಷ್ಟೇ ಇರುವುದು, ಎಲ್ಲರಿಗೂ. ಅಕೌಂಟಿನಲ್ಲಿ ಆ ಸಂಖ್ಯೆ ನೋಡಿದ ದಿನ ನನಗೆ ಇನ್ನೂ ಮರೆತಿಲ್ಲ.

60 ತುಂಬಿದಾಗ ವಿಧವೆಯ ಬೆನಿಫಿಟ್ ತಗೊಳ್ಳಬಹುದಿತ್ತು, ಅವರ ಪೂರ್ತಿ ಮೊತ್ತದ 71.5 ಪರ್ಸೆಂಟ್. ನಾನು ಕೆಲಸದಲ್ಲಿದ್ದೆ, ಸಂಬಳದ ಮಿತಿ ವಿಧವೆಯರಿಗೂ ಇದೆ. ನನ್ನ ಸಂಬಳಕ್ಕೆ ಏನೂ ಉಳಿಯುತ್ತಿರಲಿಲ್ಲ, ಹಾಗಾಗಿ ಬಿಟ್ಟೆ. 63ಕ್ಕೆ ಕೆಲಸದ ಗಂಟೆ ಕಮ್ಮಿ ಮಾಡಿಕೊಂಡೆ, ಆಗ ತಗೊಂಡೆ. ಸ್ವಂತದ್ದನ್ನು ಮುಟ್ಟಿಲ್ಲ. ರಾಯರು ಹೇಳಿದ "ಎರಡಕ್ಕೂ ಅರ್ಜಿ ಹಾಕಿದ ಹಾಗೆ" ಅನ್ನುವ ನಿಯಮ ವಿಧವೆಯರಿಗೆ ಇಲ್ಲ. ಒಂದನ್ನು ಈಗ ತಗೊಂಡು ಇನ್ನೊಂದಕ್ಕೆ ಆಮೇಲೆ ಬದಲಾಯಿಸಬಹುದು. ಇದನ್ನು ನನಗೆ ಹೇಳಿದ್ದು ಆಫೀಸಿನಲ್ಲಿ ಜೊತೆಗಿದ್ದ ಒಬ್ಬ ವಯಸ್ಸಾದ ಹೆಂಗಸು. ನಮ್ಮವರು ಯಾರೂ ಅಲ್ಲ. ನಮ್ಮಲ್ಲಿ ಇಂಥದ್ದನ್ನು ಬಾಯಿಬಿಟ್ಟು ಮಾತಾಡುವುದೇ ಇಲ್ಲ, ಅಪಶಕುನ ಅನ್ನುತ್ತಾರೆ.

ಅಕ್ಕಾ, ನೀವಿಬ್ಬರೂ ಕೂತು ಮಾತಾಡುತ್ತಿದ್ದೀರಿ. ಒಳ್ಳೆಯದಾಗಲಿ. ಅವರ ಪಾಸ್‌ವರ್ಡ್, ಅವರ ಸ್ಟೇಟ್‌ಮೆಂಟ್, ಎಲ್ಲ ನಿಮ್ಮ ಕೈಗೂ ಸಿಗುವ ಹಾಗೆ ಇಟ್ಟುಕೊಳ್ಳಿ.

ಚಿಕಾಗೋ ಸೊಸೆ

ಅಟ್ಲಾಂಟಾ ಅಕ್ಕಾ, ನೀವು ಬರೆದದ್ದಕ್ಕೆ ಕೈಮುಗಿದೆ.

ಇನ್ನೊಂದು ಪ್ರಶ್ನೆ, ನನ್ನ ಸ್ನೇಹಿತೆಗೆ. ಡಿವೋರ್ಸ್ ಆಗಿ ನಾಲ್ಕು ವರ್ಷ ಆಯಿತು. ಅವಳಿಗೆ 62. ಅವಳಿಗೆ ಏನಾದರೂ ಇದೆಯಾ?

ಡಲ್ಲಾಸ್ ಟೀಚರ್

ಮದುವೆ 10 ವರ್ಷ ಬಾಳಿದ್ದರೆ ಇದೆ, ಈಗ ಅವಳು ಬೇರೆ ಮದುವೆ ಆಗಿರಬಾರದು ಅಷ್ಟೆ. ಡಿವೋರ್ಸ್ ಆಗಿ 2 ವರ್ಷ ದಾಟಿದ್ದರೆ ಆತ ತನ್ನದಕ್ಕೆ ಅರ್ಜಿ ಹಾಕಬೇಕು ಅಂತಲೂ ಕಾಯಬೇಕಿಲ್ಲ, ಆತನಿಗೂ 62 ಆಗಿದ್ದರೆ ಸಾಕು. ಆತನನ್ನು ಕೇಳುವ ಅಗತ್ಯ ಇಲ್ಲ. ಆತನ ಮೊತ್ತವೂ ಇದರಿಂದ ಕಮ್ಮಿ ಆಗುವುದಿಲ್ಲ. ಕೆಲಸ ಮಾಡುತ್ತಿದ್ದರೆ ಅದೇ ಸಂಬಳದ ಮಿತಿ.

ಮೈಸೂರಿಗೆ ಮರಳಿದವರು

ನಾವು ಊರಿಗೆ ಬಂದು ಮೂರು ವರ್ಷ ಆಯಿತು. ಅಮೆರಿಕದ ಸಿಟಿಜನ್ ಆಗಿರುವುದರಿಂದ ಇಲ್ಲಿದ್ದರೂ ಬೆನಿಫಿಟ್ ಬರುತ್ತದೆ. ಗ್ರೀನ್ ಕಾರ್ಡಿನಲ್ಲೇ ಇದ್ದು ವಾಪಸ್ ಬರುವವರು ಮುಂಚೆ ವಿಚಾರಿಸಿಕೊಳ್ಳಿ. ಹೆಂಡತಿಯ ಪಾಲಿಗೆ ಬೇರೆ ಷರತ್ತುಗಳಿವೆ, ಅಮೆರಿಕದಲ್ಲಿ 5 ವರ್ಷ ಹೆಂಡತಿಯಾಗಿ ವಾಸ ಮಾಡಿರಬೇಕು ಅನ್ನುವುದು ಅದರಲ್ಲೊಂದು.

ನಾನು ಬರೆಯುತ್ತಿರುವುದು ಇನ್ನೊಂದು ಕಾರಣಕ್ಕೆ. ನನ್ನ ಹೆಂಡತಿ 63ಕ್ಕೆ ಪಾಲು ತಗೊಂಡು, ಕುವೆಂಪುನಗರದಲ್ಲಿ ಒಂದು ಶಾಲೆಗೆ ಇಂಗ್ಲಿಷ್ ಹೇಳಿಕೊಡಲು ಹೋಗುತ್ತಿದ್ದಳು. ಸಂಬಳ 18,000 ರೂಪಾಯಿ. ಡಾಲರ್ ಲೆಕ್ಕದಲ್ಲಿ ಮಿತಿಯ ಹತ್ತಿರಕ್ಕೂ ಬರುವುದಿಲ್ಲ ಅಂತ ನಿಶ್ಚಿಂತೆಯಿಂದ ಇದ್ದೆವು. ಆದರೆ ಅಮೆರಿಕದ ಹೊರಗೆ ಕೆಲಸ ಮಾಡಿದರೆ ದುಡ್ಡಿನ ಲೆಕ್ಕ ನೋಡುವುದಿಲ್ಲ, ಗಂಟೆ ಲೆಕ್ಕ ನೋಡುತ್ತಾರೆ. 67 ತುಂಬುವ ಮೊದಲು ತಿಂಗಳಿಗೆ 45 ಗಂಟೆಗಿಂತ ಜಾಸ್ತಿ ಕೆಲಸ ಮಾಡಿದರೆ ಆ ತಿಂಗಳ ಚೆಕ್ ಪೂರ್ತಿ ಇಲ್ಲ. ವರ್ಷಕ್ಕೊಮ್ಮೆ ಬರುವ ಫಾರಂ ಕೂತು ಓದಿದಾಗ ಗೊತ್ತಾಯಿತು. ಈಗ ವಾರಕ್ಕೆ ಎರಡು ದಿನ, ಐದೈದು ಗಂಟೆ ಮಾತ್ರ ಹೋಗುತ್ತಾಳೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗಂಟೆ ಬರೆದಿಡುತ್ತಾಳೆ.

ಇಂಡಿಯಾದಲ್ಲಿ ಮುಂಚೆ ದುಡಿದ ವರ್ಷಗಳು ಸೋಶಿಯಲ್ ಸೆಕ್ಯೂರಿಟಿ ಲೆಕ್ಕಕ್ಕೆ ಸೇರುತ್ತವಾ ಅಂತ ತುಂಬಾ ಜನ ಕೇಳುತ್ತಾರೆ. ಸೇರುವುದಿಲ್ಲ. ದುಡಿದ ವರ್ಷಗಳನ್ನು ಕೂಡಿಸುವ ಒಪ್ಪಂದ ಎರಡು ದೇಶಗಳ ನಡುವೆ ಇಲ್ಲ.

ಸನಿವೇಲ್ ಇಂಜಿನಿಯರ್

ಅಕ್ಕಾ, ಯಜಮಾನರ ಕಂಪನಿ ಇನ್ಶೂರೆನ್ಸಿನಲ್ಲಿ ಎಚ್‌ಎಸ್‌ಎ ಖಾತೆ (ತೆರಿಗೆ ಇಲ್ಲದೆ ಚಿಕಿತ್ಸೆಗೆ ಅಂತ ಕೂಡಿಡುವ ಖಾತೆ) ಇದೆಯಾ ನೋಡಿ. 65 ದಾಟಿದವರು ಸೋಶಿಯಲ್ ಸೆಕ್ಯೂರಿಟಿ ತಗೊಂಡರೆ ಮೆಡಿಕೇರ್ ಪಾರ್ಟ್ ಎ, ಅಂದರೆ ಸರ್ಕಾರದ ಆಸ್ಪತ್ರೆ ವಿಮೆ, ತಾನಾಗಿ ಶುರುವಾಗುತ್ತದೆ, ಅದೂ 6 ತಿಂಗಳು ಹಿಂದಿನಿಂದ. ಆ ತಿಂಗಳುಗಳಲ್ಲಿ ಎಚ್‌ಎಸ್‌ಎಗೆ ದುಡ್ಡು ಹಾಕುವಂತಿಲ್ಲ. ಹಾಕಿದ್ದರೆ ದಂಡ. ಕೆಲಸದಲ್ಲಿದ್ದುಕೊಂಡೇ ತಗೊಳ್ಳುವವರು ಇದರಲ್ಲೇ ಎಡವುವುದು. ನಾನು ಆರು ತಿಂಗಳು ಮೊದಲೇ ನಿಲ್ಲಿಸಿ ಆಮೇಲೆ ಅರ್ಜಿ ಹಾಕಿದೆ.

ಜೊತೆಗೆ ತೆರಿಗೆ. ಯಜಮಾನರ ಸಂಬಳ ಬರುತ್ತಿರುವಾಗ ಬೆನಿಫಿಟ್ಟಿನ 85 ಪರ್ಸೆಂಟ್ ತನಕ ನಿಮ್ಮ ಆದಾಯಕ್ಕೆ ಸೇರುತ್ತದೆ. 85 ಪರ್ಸೆಂಟ್ ತೆರಿಗೆ ಅಂತಲ್ಲ, ಅಷ್ಟು ಭಾಗದ ಮೇಲೆ ತೆರಿಗೆ.

ಎಡಿಸನ್ ಅಕ್ಕ

ಎಚ್‌ಎಸ್‌ಎ ಇದೆ! ಪ್ರತಿ ತಿಂಗಳೂ ಹಾಕುತ್ತಿದ್ದಾರೆ. ಈ ವಿಷಯ ನಮಗೆ ಕನಸಿನಲ್ಲೂ ಗೊತ್ತಿರಲಿಲ್ಲ.

ಇನ್ನೊಂದು ಸಂದೇಹ. ನಾನು ಇನ್ನೂ ಎರಡು ವರ್ಷ ದುಡಿದರೆ ನನ್ನ ಮೊತ್ತ ಏರುತ್ತಾ?

ಫ್ರೀಮಾಂಟ್ ರಾಯರು

ಏರುತ್ತದೆ. 35 ವರ್ಷದ ಸರಾಸರಿ ತಗೋತಾರೆ. ನೀವು ದುಡಿದದ್ದು 22 ವರ್ಷ, ಮಿಕ್ಕ 13 ಕಡೆ ಸೊನ್ನೆ ಕೂತಿದೆ. ಈಗ ದುಡಿಯುವ ಒಂದೊಂದು ವರ್ಷವೂ ಒಂದೊಂದು ಸೊನ್ನೆಯನ್ನು ಅಳಿಸುತ್ತದೆ. ಆದರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಿಮ್ಮದು 1,000ದಿಂದ 1,060 ಆದರೆ ಮೇಲಿನ ಪಾಲು 600ರಿಂದ 540ಕ್ಕೆ ಇಳಿಯುತ್ತದೆ. 67ಕ್ಕೆ ಒಟ್ಟು ಅದೇ 1,600. ಲಾಭ ಏನು ಅಂದರೆ, ಆ ಏರಿದ 60 ನಿಮ್ಮ ಹೆಸರಿನದು. ಯಜಮಾನರು ಅರ್ಜಿ ಹಾಕುವ ತನಕ ಕಾಯಬೇಕಿಲ್ಲ.

ಆಸ್ಟಿನ್ ತಮ್ಮ

ರಾಯರೇ, ನಿಮ್ಮ ಲೆಕ್ಕ ಒಪ್ಪಿದೆ. ಆದರೆ ಮನೆ ಸಾಲ ಇರುವವರು, ಮಕ್ಕಳ ಓದಿಗೆ ಸಾಲ ಮಾಡಿದವರು ಕಾಯುವುದು ಹೇಗೆ? ನಮ್ಮ ತಂದೆಗೆ ಕೆಲಸ ಹೋಗಿ ಎಂಟು ತಿಂಗಳಾಯಿತು. ಅವರಿಗೆ 70ರ ತನಕ ಕಾಯಿರಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಫ್ರೀಮಾಂಟ್ ರಾಯರು

ಹೇಳಬೇಡಿ ತಮ್ಮಾ. ತಗೊಳ್ಳಲಿ. ಸಾಲದ ಬಡ್ಡಿ ಕಟ್ಟುತ್ತಾ ಕಾಯುವುದರಲ್ಲಿ ಅರ್ಥ ಇಲ್ಲ. ತಗೊಂಡು ಒಂದು ವರ್ಷದೊಳಗೆ ಕೆಲಸ ಸಿಕ್ಕಿದರೆ, ಬಂದ ದುಡ್ಡನ್ನೆಲ್ಲ ವಾಪಸ್ ಕೊಟ್ಟು ಅರ್ಜಿ ಹಿಂತೆಗೆದುಕೊಳ್ಳಬಹುದು. ತಾಯಿಯವರು ಅವರ ಮೇಲೆ ತಗೊಂಡಿದ್ದರೆ ಅದನ್ನೂ ಕೊಡಬೇಕು. ಜೀವನದಲ್ಲಿ ಒಂದೇ ಸಲ ಆ ಅವಕಾಶ. ಅಕ್ಕನ ಮನೆಯಲ್ಲಿ ಎರಡು ಸಂಬಳ ಬರುತ್ತಿದೆ, ಅದಕ್ಕೇ ಅವರಿಗೆ ಕಾಯಲು ಹೇಳಿದೆ.

ಎಡಿಸನ್ ಅಕ್ಕ

ಎಲ್ಲರಿಗೂ ತಿಳಿಸಬೇಕು ಅಂತ ಬರೆಯುತ್ತಿದ್ದೀನಿ. ಭಾನುವಾರ ತಿಂಡಿ ಆದ ಮೇಲೆ ಇದನ್ನೆಲ್ಲ ಅವರಿಗೆ ಓದಿ ಹೇಳಿದೆ. ಅಟ್ಲಾಂಟಾ ಅಕ್ಕನ ಮಾತಿಗೆ ಬಂದಾಗ ಅವರು ಎದ್ದು ಕಿಟಕಿ ಹತ್ತಿರ ಹೋಗಿ ನಿಂತರು. ಆಮೇಲೆ ಬಂದು ಕ್ಯಾಲ್ಕುಲೇಟರ್ ಹಿಡಿದು ರಾಯರ 81ನ್ನು ತಾವೇ ಇನ್ನೊಮ್ಮೆ ಲೆಕ್ಕ ಹಾಕಿದರು. ಸರಿಯಾಗೇ ಬಂತು.

ಅವರು 70ಕ್ಕೆ, 2029ರ ಮೇ ತಿಂಗಳಿಗೆ ಹಾಕುತ್ತಾರೆ. ಎಚ್‌ಎಸ್‌ಎ ಅದಕ್ಕಿಂತ ಆರು ತಿಂಗಳು ಮೊದಲೇ ನಿಲ್ಲಿಸುತ್ತಾರೆ. ನಾನು 66ರ ತನಕ ಔಷಧಿ ಅಂಗಡಿಗೆ ಹೋಗಿ, ಬಿಟ್ಟ ತಿಂಗಳೇ ನನ್ನ ಸ್ವಂತದ್ದಕ್ಕೆ ಹಾಕುತ್ತೀನಿ. ಅವರು ಹಾಕಿದಾಗ ಮೇಲಿನ ಪಾಲು ಕಡಿತ ಇಲ್ಲದೆ ಸೇರುತ್ತದೆ, ಆಗ ನನಗೆ 67 ದಾಟಿರುತ್ತದೆ.

ಮದುವೆಯ ದಾಖಲೆ ಕೇಳುತ್ತಾರಂತೆ ಅಂತ ಟ್ರಂಕು ತೆಗೆದೆ. ವೀಸಾಗೋಸ್ಕರ 1992ರಲ್ಲಿ ಮಾಡಿಸಿದ ಸಬ್‌ರಿಜಿಸ್ಟ್ರಾರ್ ಕಚೇರಿಯ ಪತ್ರ ಸಿಕ್ಕಿತು. ಅದರಲ್ಲಿ ನನ್ನ ಹೆಸರಿನ ಹಿಂದೆ ಅಪ್ಪನ ಇನಿಶಿಯಲ್ ಇದೆ, ಇಲ್ಲಿಯ ಕಾರ್ಡಿನಲ್ಲಿ ಅವರ ಮನೆತನದ ಹೆಸರಿದೆ. ಇದಕ್ಕೆ ಏನು ಮಾಡಬೇಕು, ಯಾರಾದರೂ ಮಾಡಿಸಿದ್ದೀರಾ? ಪತ್ರದ ಕೆಳಗೆ ಲಗ್ನಪತ್ರಿಕೆಯೂ ಇತ್ತು. ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಹಾಗೇ ಇದೆ.

ಡಲ್ಲಾಸ್ ಟೀಚರ್

ನನಗೂ ಅದೇ ಇನಿಶಿಯಲ್ ತೊಂದರೆ ಇತ್ತು ಅಕ್ಕ. ಎರಡೂ ಹೆಸರು ಒಟ್ಟಿಗೆ ಇರುವ ಯಾವುದಾದರೂ ಕಾಗದ ಹುಡುಕಿ, ಹಳೆಯ ಪಾಸ್‌ಪೋರ್ಟ್ ಅಥವಾ ಸಿಟಿಜನ್‌ಶಿಪ್ ಪತ್ರ. ನಾನು ಹಳೆಯ ಇಂಡಿಯನ್ ಪಾಸ್‌ಪೋರ್ಟ್ ಕೊಟ್ಟೆ, ಕೊನೆಯ ಪುಟದಲ್ಲಿ ಅಪ್ಪನ ಹೆಸರೂ ಗಂಡನ ಹೆಸರೂ ಎರಡೂ ಇತ್ತು. ಒಪ್ಪಿಕೊಂಡರು.